ರೂಮೇನೋ ಸಿಕ್ಕಿತು, ಊಟ ಎಲ್ಲಿ?

ಮಂಡಿಪೇಟೆ, ಚೌಕಿಪೇಟೆಯ ವ್ಯಾಪಾರಸ್ಥರಿಗೆ ಬೆಂಗಳೂರು ಹೊಸ ಊರೇನಲ್ಲ. ಆಗಾಗ ಚಿಕ್ಕಪೇಟೆ, ಬಳೇಪೇಟೆಗೆ ಹೋಗಿ ಬರದಿದ್ದರೆ ಅಂಗಡಿ ನಡೆಯುವುದಿಲ್ಲ. ಹೋಗಿ ಬಂದವರನ್ನು ಮಾತಿಗೆಳೆದು ನೋಡಿ. ಮಾಲಿನ ರೇಟು, ಲಾರಿ ಬಾಡಿಗೆ ಎಲ್ಲ ಹೇಳಿ ಮುಗಿಸಿದ ಮೇಲೆ ಒಂದು ದೂರು ಬಂದೇ ಬರುತ್ತದೆ: ‘ರಾತ್ರಿ ಊಟಾನೇ ಸಿಗ್ಲಿಲ್ರಿ!’

ದೂರಿನಲ್ಲಿ ಸುಳ್ಳಿಲ್ಲ. ಧಾರವಾಡ ಕಡೆಯಿಂದ ಬರುವ ವಂದೇ ಭಾರತ್ ರೈಲು ಹಿಡಿದವರು ಎಂಟರ ಆಸುಪಾಸಿಗೆ ಬೆಂಗಳೂರಲ್ಲಿ ಇಳಿಯುತ್ತಾರೆ. ಅವರ ಹೊಟ್ಟೆಗೆ ತೊಂದರೆಯಿಲ್ಲ. ತೊಂದರೆ ಇರುವುದು ಸಂಜೆಯ ವ್ಯಾಪಾರ ಬಿಡಲಾರದೆ ಆರು ಗಂಟೆಗೆ ಬಸ್ಸು ಹತ್ತುವವರಿಗೆ. ಸುಮಾರು 260 ಕಿ.ಮೀ. ದಾರಿ. ತುಮಕೂರು ರಸ್ತೆಯ ನೂಕುನುಗ್ಗಲು ದಾಟಿ ಮೆಜೆಸ್ಟಿಕ್ ಮುಟ್ಟುವಾಗ ಗಡಿಯಾರ ಹನ್ನೊಂದು ಹೊಡೆದಿರುತ್ತದೆ. ಮೊದಲು ಚೀಲ ಇಡೋಣ ಅಂತ ಲಾಡ್ಜ್ ಹುಡುಕಿ, ಆಧಾರ್ ಕಾರ್ಡ್ ತೋರಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಮುಖ ತೊಳೆದು ಕೆಳಗಿಳಿದರೆ ಎದುರಿನ ಸಸ್ಯಾಹಾರಿ ಹೋಟೆಲಿನಲ್ಲಿ ಕುರ್ಚಿಗಳು ಟೇಬಲ್ಲಿನ ಮೇಲೆ ಕಾಲು ಮೇಲಾಗಿ ಕೂತಿರುತ್ತವೆ.

‘ಅನ್ನ ಸಾರಾದ್ರೂ ಐತೇನ್ರಿ?’

‘ಎಲ್ಲ ಕ್ಲೋಸ್ ಆಯ್ತು ಸಾರ್.’

ಇಲ್ಲಿ ಸರ್ಕಾರವನ್ನು ಬಯ್ಯುವುದು ಸುಲಭ. ಆದರೆ ಸರ್ಕಾರ ಬಾಗಿಲು ಮುಚ್ಚಿ ಅಂದಿಲ್ಲ, ತೆರೆದಿಡಬಹುದು ಅಂದಿದೆ. 2024ರ ಆದೇಶದ ಪ್ರಕಾರ ಆಗಿನ ಬಿಬಿಎಂಪಿ ವ್ಯಾಪ್ತಿಯಲ್ಲೂ ರಾಜ್ಯದ ಇನ್ನು 10 ಮಹಾನಗರ ಪಾಲಿಕೆಗಳಲ್ಲೂ ಹೋಟೆಲು, ಬಾರು ರಾತ್ರಿ 1 ಗಂಟೆಯವರೆಗೆ ವ್ಯಾಪಾರ ಮಾಡಬಹುದು. ಆದೇಶ ಬಂದಾಗ ಬೆಂಗಳೂರಿಗೆ ರಾತ್ರಿ ಜೀವನ ಬಂತು ಎಂದು ಕೆಲವರು ಕುಣಿದಾಡಿದರು. ಬಂದದ್ದು ಯಾರಿಗೆ? ಹನ್ನೊಂದರ ಮೇಲೆ ಬೋರ್ಡಿನ ದೀಪ ಉರಿಯುವ ಕಡೆ ನಡೆದು ನೋಡಿದರೆ ಗೊತ್ತಾಗುತ್ತದೆ. ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಬಿರಿಯಾನಿ, ಕಬಾಬಿನ ಹೋಟೆಲ್ ಇದೆ. ಬಾಡೂಟ ಮಾಡುವವರಿಗೆ ಅಷ್ಟಾಗಿ ಚಿಂತೆಯಿಲ್ಲ. ಮಗಳ ಮದುವೆ ಸೀರೆಗೆಂದು ಹೆಂಡತಿ, ಮಕ್ಕಳು, ವಯಸ್ಸಾದ ತಾಯಿಯ ಜೊತೆ ಬಂದ ಸಸ್ಯಾಹಾರಿ ಮನುಷ್ಯನಿಗೆ ಮಾತ್ರ ಬಾಳೆಹಣ್ಣು, ಬಿಸ್ಕೆಟ್ಟೇ ಗತಿ. ಬಾರಿನಲ್ಲೂ ಫ್ಯಾಮಿಲಿ ರೂಂ ಇರುತ್ತದೆ, ದಾಲ್ ರೋಟಿ ಸಿಗುತ್ತದೆ, ನಿಜ. ಅತ್ತೆಯನ್ನು ಕರೆದುಕೊಂಡು ಅಲ್ಲಿಗೆ ಹೋಗುವ ಧೈರ್ಯ ಎಷ್ಟು ಸೊಸೆಯರಿಗಿದೆ?

ಹೋಟೆಲಿನವರದೂ ಒಂದು ಲೆಕ್ಕ ಉಂಟು. ಇಡ್ಲಿ ವಡೆಯ ಹೋಟೆಲು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಅಡುಗೆಯವನು ಅದಕ್ಕೂ ಮೊದಲೇ ಎದ್ದು ಒಲೆ ಹಚ್ಚಬೇಕು. 1961ರ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎನ್ನುತ್ತದೆ. ರಾತ್ರಿ ಒಂದರವರೆಗೆ ಅಡುಗೆಮನೆ ನಡೆಸಬೇಕಾದರೆ ಇನ್ನೊಂದು ಪಾಳಿಯ ಭಟ್ಟರು, ಸಪ್ಲೈಯರು, ಪಾತ್ರೆ ತೊಳೆಯುವವರು ಬೇಕು. ಹನ್ನೊಂದರ ಮೇಲೆ ಬರುವ ಹತ್ತಿಪ್ಪತ್ತು ಗಿರಾಕಿಗಳ ಅನ್ನ ಸಾರಿನಲ್ಲಿ ಆ ಸಂಬಳ ಹುಟ್ಟುವುದಿಲ್ಲ. ಬಾರಿನಲ್ಲಿ ಹುಟ್ಟುತ್ತದೆ, ಅಲ್ಲಿ ಲಾಭ ಊಟದ್ದಲ್ಲ. 10 ರೂಪಾಯಿಗೆ ಊಟ ಕೊಡುವ ಇಂದಿರಾ ಕ್ಯಾಂಟೀನು 2017ರಲ್ಲಿ ಶುರುವಾದದ್ದು ಬಡವರಿಗೆ ದೊಡ್ಡ ಉಪಕಾರವೇ. ಅದೂ ಹತ್ತಕ್ಕೆ ಮೊದಲೇ ಮುಗಿಯುತ್ತದೆ.

ಹಾಗಾದರೆ ಲಾಡ್ಜ್ ಆರಿಸುವಾಗಲೇ ಹೊಟ್ಟೆಯ ಕಡೆ ನೋಡಬೇಕು. ನಮ್ಮವರು ನೋಡುವುದು ಬಾಡಿಗೆ ಮಾತ್ರ. ಗಾಂಧಿನಗರ, ಸುಭಾಷ್‌ನಗರ, ಕಾಟನ್‌ಪೇಟೆಯ ಲಾಡ್ಜುಗಳಲ್ಲಿ ಕೆಲವಕ್ಕೆ ಕೆಳಗೇ ಹೋಟೆಲಿದೆ, ಕೆಲವಕ್ಕೆ ಕೆಳಗೆ ಬಾರಿದೆ, ಕೆಲವಕ್ಕೆ ಏನೂ ಇಲ್ಲ. ಮೊಬೈಲ್ ಆ್ಯಪಿನಲ್ಲಿ ಇನ್ನೂರು ರೂಪಾಯಿ ಅಗ್ಗ ಅಂತ ದೂರದ ಬಡಾವಣೆಯಲ್ಲಿ ರೂಮು ಹಿಡಿದವರು ಆ ಇನ್ನೂರನ್ನು ಆಟೋದವನಿಗೆ ಕೊಟ್ಟು, ಮೇಲೆ ಉಪವಾಸವನ್ನೂ ಮಾಡುತ್ತಾರೆ. ಮನೆಬಾಗಿಲಿಗೆ ಊಟ ತರುವ ಆ್ಯಪುಗಳು ಇವೆಯಲ್ಲ ಎನ್ನಬಹುದು. ಇವೆ. ಆದರೆ ಅಡುಗೆಮನೆ ಮುಚ್ಚಿದ ಮೇಲೆ ಆ್ಯಪು ಏನು ತಂದೀತು?

ಹೊರಡುವ ಮೊದಲು ಲಾಡ್ಜಿಗೆ ಫೋನು ಮಾಡಿ ‘ಹೋಟೆಲ್ ಎಷ್ಟು ಗಂಟೆಯವರೆಗೆ?’ ಅಂತ ಕೇಳಿದರೆ ಸಾಲದು. ‘ಅನ್ನ ಸಾರಿಗೆ ಕೊನೇ ಆರ್ಡರ್ ಎಷ್ಟು ಗಂಟೆಗೆ?’ ಅಂತ ಕೇಳಬೇಕು. ಎರಡಕ್ಕೂ ಉತ್ತರ ಒಂದೇ ಆಗಿರುವುದು ಕಡಿಮೆ. ತಡವಾಗುತ್ತೆ ಅಂತ ಮೊದಲೇ ತಿಳಿಸಿದರೆ ಒಂದಿಷ್ಟು ಚಿತ್ರಾನ್ನ, ಮೊಸರನ್ನ ಕಟ್ಟಿಸಿ ರಿಸೆಪ್ಷನ್ನಿನಲ್ಲಿ ಇಡುವ ಪುಣ್ಯಾತ್ಮರೂ ಇದ್ದಾರೆ.

ಚೆಕ್ ಔಟ್ ವಿಚಾರವಂತೂ ಕೇಳಲೇಬೇಕಾದ್ದು. ಒಂದು ಕಡೆ 24 ಗಂಟೆಯ ಲೆಕ್ಕ, ಇನ್ನೊಂದು ಕಡೆ ಮಧ್ಯಾಹ್ನ ಹನ್ನೆರಡರ ಲೆಕ್ಕ. ರಾತ್ರಿ ಬಸ್ಸಿನಲ್ಲಿ ಕೂತು ಬೆಳಗಿನ ಐದಕ್ಕೆ ಇಳಿಯುವವನು ದಿನವಿಡೀ ಚಿಕ್ಕಪೇಟೆ ಸುತ್ತಿ ಅದೇ ರಾತ್ರಿ ಹನ್ನೊಂದಕ್ಕೆ ವಾಪಸು ಹೊರಡುತ್ತಾನೆ ಅನ್ನಿ. 24 ಗಂಟೆಯ ಲಾಡ್ಜಿನಲ್ಲಿ ಅವನಿಗೆ ಒಂದೇ ಬಾಡಿಗೆ. ಹನ್ನೆರಡರ ಲಾಡ್ಜಿನಲ್ಲಿ ಪಟ್ಟಾಗಿ ಹಿಡಿದರೆ ಎರಡು ಬಾಡಿಗೆ. ಇನ್ನೂರು ರೂಪಾಯಿ ಅಗ್ಗದ ರೂಮು ಇಲ್ಲಿ ಸಾವಿರ ರೂಪಾಯಿ ದುಬಾರಿ.

ತೆರಿಗೆಯನ್ನೂ ನೋಡಿಕೊಳ್ಳಿ. ಸಾವಿರದೊಳಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ. 5ಕ್ಕೆ ಇಳಿದಿದೆ. ಅಂದರೆ 900ರ ರೂಮಿಗೆ 108 ರೂಪಾಯಿ ಇದ್ದ ತೆರಿಗೆ ಈಗ 45. ಉಳಿದ 63 ರೂಪಾಯಿ ಗಿರಾಕಿಯ ಜೇಬಿಗೆ ಬಂತೋ, ಬಾಡಿಗೆ ಏರಿಸಿಕೊಂಡ ಲಾಡ್ಜಿನ ಗಲ್ಲಾಪೆಟ್ಟಿಗೆಗೆ ಹೋಯಿತೋ, ಹಳೇ ಬಿಲ್ಲು ಹೊಸ ಬಿಲ್ಲು ಪಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ವ್ಯಾಪಾರಸ್ಥರಿಗೆ ಇದನ್ನು ಕಲಿಸಬೇಕಾಗಿಲ್ಲ. ಊಟದ ಬಿಲ್ಲಿನಲ್ಲಿ ಕೇಳದೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂದು ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿ ಹಿಡಿದಿದೆ. ಸೇರಿಸಿದ್ದರೆ ತೆಗೆಸಿ.

ಇಷ್ಟೆಲ್ಲ ಬೆಂಗಳೂರಿನ ಹುಳುಕಾಯಿತು. ಆ 10 ಪಾಲಿಕೆಗಳಲ್ಲಿ ದಾವಣಗೆರೆಯೂ ಒಂದು. ಬೆಣ್ಣೆದೋಸೆಗೆ ನಾಡಿನಲ್ಲೆಲ್ಲ ಹೆಸರಾದ ಊರು. ಚಿತ್ರದುರ್ಗದ ಕಡೆಯಿಂದಲೋ ಹರಪನಹಳ್ಳಿಯಿಂದಲೋ ಆಸ್ಪತ್ರೆಗೆಂದು ರೋಗಿಯನ್ನು ಕರೆತಂದವನು ನಡುರಾತ್ರಿ ಪಿ.ಬಿ. ರಸ್ತೆಯ ಬಸ್ ನಿಲ್ದಾಣದ ಮುಂದೆ ನಿಂತು ಊಟ ಎಲ್ಲಿ ಸಿಗ್ತೇತ್ರಿ ಅಂತ ಕೇಳಿದರೆ, ಯಾವ ಹೋಟೆಲಿನ ಕಡೆ ಕೈ ತೋರಿಸೋಣ?