ಬಂದೂಕಿನ ಬೆಲೆ, ಬಂದೂಕಿನ ವಂಶಾವಳಿ

2020ರ ಫೆಬ್ರುವರಿ 12ರಂದು ಕೇಂದ್ರ ಗೃಹ ಸಚಿವಾಲಯ ಶಸ್ತ್ರಾಸ್ತ್ರಗಳ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ಶೂಟಿಂಗ್ ಕ್ರೀಡಾಪಟುಗಳು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಹೆಚ್ಚಿಸಿದ್ದೇ ಅದರಲ್ಲಿ ದೊಡ್ಡ ಸುದ್ದಿಯಾಯಿತು. ಅದರ ಜೊತೆಗಿದ್ದ ಇನ್ನೊಂದು ಸಾಲಿನ ಕಡೆ ಗಮನ ಹೋಗಿದ್ದು ಕಡಿಮೆ. ‘ಕ್ಯೂರಿಯೋ’ ಎಂಬ ಹಳೇ ವಸ್ತುಗಳ ವರ್ಗಕ್ಕೆ ಸೇರುವ ಸಣ್ಣ ಆಯುಧಗಳನ್ನು ಪಡೆಯಲು, ಮನೆಯಲ್ಲಿಟ್ಟುಕೊಳ್ಳಲು ಭಾರತದ ಪ್ರಜೆಗೆ ಪರವಾನಗಿ ಬೇಕಿಲ್ಲ. ಬಳಸುವುದಕ್ಕೆ, ಹೊತ್ತೊಯ್ಯುವುದಕ್ಕೆ, ಸಾಗಿಸುವುದಕ್ಕೆ ಮಾತ್ರ ಬೇಕು. ಪರವಾನಗಿಯಲ್ಲಿ ನಮೂದಾಗದ ಅಂಥ ಆಯುಧಕ್ಕೆ ಯಾರೂ ತೋಟಾ ಮಾರುವಂತಿಲ್ಲ. ಸಾಲು ಚಿಕ್ಕದಾದರೂ ಅದರ ಪರಿಣಾಮ ಚಿಕ್ಕದಲ್ಲ. ಹಳೇ ಬಂದೂಕು ಈ ದೇಶದಲ್ಲಿ ಮೊದಲ ಸಲ ಸಂಗ್ರಹಕಾರರು ನಿರ್ಭಯವಾಗಿ ಆಸೆಪಡಬಹುದಾದ ವಸ್ತುವಾಗಿದೆ. ಆಸೆ ಇದ್ದಲ್ಲಿ ವ್ಯಾಪಾರ ಬರುತ್ತದೆ. ಇಂದು ಚಿಕ್ಕ ದಲ್ಲಾಳಿ ಬಂದರೆ ನಾಳೆ ದೊಡ್ಡ ಮಳಿಗೆಯೂ ಬರಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆಯಲ್ಲಿ ಆ ವ್ಯಾಪಾರ ಬೇರೂರುವ ಮೊದಲೇ ಪ್ರತಿ ಹಳೇ ಬಂದೂಕಿನ ಪೂರ್ವಾಪರವನ್ನು ಸರಕಾರ ದಾಖಲು ಮಾಡಿಕೊಳ್ಳಬೇಕು. ದಾಖಲೆಯಿಲ್ಲದೆ ಒಂದು ಬಂದೂಕೂ ಕೈ ಬದಲಾಯಿಸಬಾರದು.

ವ್ಯಾಪಾರಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಕಣ್ಣ ಮುಂದಿದೆ. ಅಲ್ಲಿಯ ಪಶ್ಚಿಮ ರಾಜ್ಯಗಳಲ್ಲಿ ಬಿಗ್ ಫೈವ್ ಎಂಬ ಕ್ರೀಡಾ ಸಾಮಗ್ರಿ ಮಳಿಗೆಗಳ ದೊಡ್ಡ ಸರಪಳಿ ಇದೆ. ಚೆಂಡು, ಬೂಟು, ಟೆಂಟು ಮಾರುವ ಆ ಅಂಗಡಿಗಳಲ್ಲಿ ವರ್ಷಗಟ್ಟಲೆ ರಷ್ಯದ ಮೊಸಿನ್-ನಗಾಂತ್ ರೈಫಲ್‌ಗಳೂ ಮಾರಾಟವಾದವು. 1891ರಲ್ಲಿ ಝಾರ್ ಸೇನೆ ಒಪ್ಪಿಕೊಂಡ, ಎರಡು ಮಹಾಯುದ್ಧಗಳಲ್ಲಿ ಹೋರಾಡಿದ, 3 ಕೋಟಿಗೂ ಮಿಕ್ಕಿ ತಯಾರಾದ ಆ ರೈಫಲ್ ಅಲ್ಲಿ ನೂರು ಡಾಲರ್ ಆಸುಪಾಸಿಗೆ, ಒಮ್ಮೊಮ್ಮೆ ಅದಕ್ಕೂ ಕಡಿಮೆಗೆ ಸಿಗುತ್ತಿತ್ತು. ಕೊಂಡವರಿಗೆ ತಾವು ಚರಿತ್ರೆಯ ತುಂಡೊಂದನ್ನು ಮನೆಗೆ ತಂದೆವೆಂಬ ಹೆಮ್ಮೆ. ಆ ತುಂಡಿನಲ್ಲಿ ಚರಿತ್ರೆ ಎಷ್ಟು ಉಳಿದಿತ್ತು? ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯತ್ ಆಯುಧಾಗಾರಗಳು ಈ ರೈಫಲ್‌ಗಳನ್ನು ರಾಶಿ ಹಾಕಿ, ಬಿಚ್ಚಿ, ತೊಳೆದು, ಒಂದರ ನಳಿಗೆಗೆ ಮತ್ತೊಂದರ ಕುಂದಾ ಕೂಡಿಸಿ, ಬಿಡಿಭಾಗಗಳ ಮೇಲಿನ ಹಳೇ ಸಂಖ್ಯೆ ಹೊಡೆದುಹಾಕಿ ಹೊಸ ಸಂಖ್ಯೆ ಒತ್ತಿ, ಜಿಡ್ಡು ಬಳಿದು ಪೆಟ್ಟಿಗೆಯಲ್ಲಿಟ್ಟಿದ್ದವು. ಅಮೆರಿಕಕ್ಕೆ ಬಂದ ಮೇಲೆ ಅಲ್ಲಿಯ ಕಾನೂನಿನ ಪ್ರಕಾರ ಆಮದುದಾರರ ಹೆಸರೂ ಲೋಹದ ಮೇಲೆ ಬಿತ್ತು. ಸ್ತಾಲಿನ್‌ಗ್ರಾಡ್‌ನಲ್ಲಿ ಸಿಡಿದದ್ದೋ, ಉಗ್ರಾಣದಿಂದ ಹೊರಗೇ ಬಾರದ್ದೋ, ಹೇಳಬಲ್ಲವರು ಯಾರೂ ಇಲ್ಲ. ಸಾವಿರಗಟ್ಟಲೆ ಒಂದೇ ಬಗೆಯ ಸರಕು ಬೇಕಾದ ದೊಡ್ಡ ಮಳಿಗೆಗೆ ಒಂದೊಂದರ ಕಥೆ ಕಟ್ಟಿಕೊಂಡು ಆಗಬೇಕಾದ್ದೂ ಏನಿಲ್ಲ. ನಮ್ಮ ಈಶಾಪುರದ ರೈಫಲ್‌ಗಳಿಗೂ ಇದೇ ಗತಿಯಾಯಿತು. ಚೀನಾ ಯುದ್ಧದ ನಂತರ 1960ರ ದಶಕದಲ್ಲಿ 7.62 ಮಿ.ಮೀ. ತೋಟಾಕ್ಕೆ ಹೊಂದುವಂತೆ ಬಂಗಾಳದ ಆ ಕಾರ್ಖಾನೆ ತಯಾರಿಸಿದ ಲೀ-ಎನ್‌ಫೀಲ್ಡ್ ಮಾದರಿಯವು ಹಡಗೇರಿ ಅದೇ ಅಮೆರಿಕದ ಹಳೇ ಸರಕಿನ ಪೇಟೆ ಸೇರಿದವು. ಸೇನೆಯ ಮತ್ತು ಪೊಲೀಸರ ತೋಟಾವಾದ .303 ಸಾಮಾನ್ಯರಿಗೆ ಸಿಗಬಾರದೆಂದು .315 ಎಂಬ ಬೇರೆಯೇ ಬೋರಿನ ರೈಫಲ್ ಮಾಡಿಸಿ ಪರವಾನಗಿದಾರರಿಗೆ ಕೊಡುವ ದೇಶದ ಸೈನಿಕ ರೈಫಲ್, ಸಾಗರದಾಚೆ ಹವ್ಯಾಸಿಗಳ ಆಟದ ಸಾಮಾನಾಗಿದ್ದು ಒಂದು ವಿಚಿತ್ರವೇ.

ಹಳೇ ಬಂದೂಕಿನಿಂದ ಯಾರಿಗೆ ಏನು ತೊಂದರೆ, ಅದು ಸತ್ತ ವಸ್ತು ಎಂಬ ಮಾತು ಈ ಚರ್ಚೆಯಲ್ಲಿ ಮೊದಲು ಬರುತ್ತದೆ. ಈ ಮಾತಿಗೆ ಉತ್ತರ 1963ರಲ್ಲಿದೆ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಶಿಕಾಗೋದ ಕ್ಲೈನ್ಸ್ ಎಂಬ ಕ್ರೀಡಾ ಸಾಮಗ್ರಿ ಅಂಗಡಿಗೆ ಡಲ್ಲಾಸ್‌ನ ಅಂಚೆಪೆಟ್ಟಿಗೆ ವಿಳಾಸದಿಂದ ಒಂದು ಬೇಡಿಕೆ ಬಂತು. ಇಟಲಿ ಸೇನೆಯ ಹಳೇ ಕಾರ್ಕಾನೋ ರೈಫಲ್, ದುರ್ಬೀನು ಸಮೇತ, ಬೆಲೆ 19 ಡಾಲರ್ 95 ಸೆಂಟ್. ಟೆರ್ನಿಯ ಕಾರ್ಖಾನೆಯಲ್ಲಿ 1940ರಲ್ಲಿ ತಯಾರಾದ, ಜಗತ್ತು ಗುಜರಿ ಎಂದು ಬಿಟ್ಟಿದ್ದ ಆ ರೈಫಲ್ ಕೊಂಡವನು ಸುಳ್ಳು ಹೆಸರು ಕೊಟ್ಟ ಲೀ ಹಾರ್ವೆ ಆಸ್ವಾಲ್ಡ್. ನವೆಂಬರ್ 22ರಂದು ಅದೇ ರೈಫಲ್ಲಿನ ಗುಂಡಿಗೆ ಅಧ್ಯಕ್ಷ ಕೆನಡಿ ಹತರಾದರು. ಅಂಚೆಯಲ್ಲಿ ಬಂದೂಕು ಮಾರುವುದನ್ನು ಅಮೆರಿಕ ನಿಲ್ಲಿಸಿದ್ದು ಐದು ವರ್ಷಗಳ ನಂತರ, 1968ರ ಕಾನೂನಿನಿಂದ. ಆದರೆ ನನ್ನ ವಾದಕ್ಕೆ ಇನ್ನೂ ಮುಖ್ಯವಾದ ಅಂಶ ಬೇರೆ ಇದೆ. ಕೊಲೆಯಾದ ಮರುದಿನದೊಳಗೇ ತನಿಖೆಗಾರರು ಆ ರೈಫಲ್ಲಿನ ಜಾಡು ಹಿಡಿದು ಅಂಗಡಿಯ ಕಡತ ಮುಟ್ಟಿದ್ದು ನಳಿಗೆಯ ಬುಡದಲ್ಲಿದ್ದ ಸಂಖ್ಯೆಯಿಂದ, ಆ ಸಂಖ್ಯೆಯನ್ನು ಯಾರೋ ಗುಮಾಸ್ತರು ಬರೆದಿಟ್ಟುಕೊಂಡಿದ್ದರಿಂದ. ಸುರಕ್ಷತೆಗೂ ಚರಿತ್ರೆಗೂ ಬೇಕಾದದ್ದು ಒಂದೇ: ಈ ವಸ್ತು ಎಲ್ಲಿಂದ ಬಂತು, ಯಾರ ಕೈದಾಟಿ ಬಂತು ಎಂಬ ಬರಹ.

ಇನ್ನು ನಮ್ಮ ಸೀಮೆಗೆ ಬರೋಣ. ನಿಜಾಮರಿಗೆ ಸೈನ್ಯ ಸಾಕುವ ಷರತ್ತಿನ ಮೇಲೆ ಪಾಯಗಾ ಅಮೀರರಿಗೆ ಭೂಮಿ ಬಿಟ್ಟಿದ್ದ ರಾಜ್ಯ ಇದು. ಜಾಗೀರದಾರರು, ದೇಶಮುಖರು, ವತನದಾರ ಗೌಡ-ಪಾಟೀಲರು, ಅವರ ಕಾವಲಿನವರು ಎಲ್ಲರ ಬಳಿಯೂ ಆಯುಧ ಇದ್ದ ಕಾಲವೊಂದಿತ್ತು. ಬತ್ತಿ ಹಚ್ಚಿ ಹಾರಿಸುವ ತೋಡೆದಾರ ಬಂದೂಕು, ಬಾಯಿಂದ ಮದ್ದು ಜಡಿಯುವ ಒಂಟಿ ನಳಿಗೆಯದು, ಆಮೇಲೆ ಬಂದ ಜೋಡು ನಳಿಗೆಯದು ಹೀಗೆ ಪೀಳಿಗೆಗೊಂದು ಬಗೆ. ಕಂಪನಿ ಸರಕಾರ 1857ರಲ್ಲಿ ಜನರ ಕೈಯಿಂದ ಆಯುಧ ಕಸಿಯಲು ಹೊರಟಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪದೆ ಹೋರಾಡಿ ಮಡಿದರು. ಲಾವಣಿಯಲ್ಲಿ ಅವರ ಹೆಸರು ಉಳಿಯಿತು, ಅವರ ಬಂದೂಕುಗಳಲ್ಲ. ಕಲಬುರಗಿ ಕೋಟೆಯ 29 ಅಡಿ ಉದ್ದದ ಬಾರಾ ಗಜ ತೋಪು ಇಂದಿಗೂ ಇದ್ದಲ್ಲೇ ಇದೆ. ಅದಕ್ಕೆ ಕಾರಣ ನಮ್ಮ ಇತಿಹಾಸ ಪ್ರಜ್ಞೆಯೋ, ಅದರ ಭಾರವೋ ಎಂದು ಕೇಳಿದರೆ ನಾನು ಭಾರಕ್ಕೇ ಮತ ಹಾಕುತ್ತೇನೆ. ಹೆಗಲ ಮೇಲೆ ಹೊತ್ತೊಯ್ಯಬಹುದಾದ ಬಂದೂಕಿಗೆ ಆ ರಕ್ಷಣೆ ಇಲ್ಲ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು 1948. ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬ ವೈಮಾನಿಕ ಆ ವರ್ಷ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಹೈದರಾಬಾದ್ ಸಂಸ್ಥಾನಕ್ಕೆ ಕದ್ದು ಆಯುಧ ಸಾಗಿಸಿದ. ಕಾಸಿಂ ರಜವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಅವರಿಗೆ ಇದಿರಾಗಿ ಗಡಿಯ ಶಿಬಿರಗಳಲ್ಲಿ ಯುವಕರೂ ಬಂದೂಕು ಹಿಡಿದರು. ಸೆಪ್ಟೆಂಬರ್ 13ರಿಂದ 17ರವರೆಗಿನ ಭಾರತೀಯ ಸೇನೆಯ ಕಾರ್ಯಾಚರಣೆಯ ನಂತರ ಸೇಡಿನ ಕೊಲೆಗಳು ನಡೆದವು. ಅವನ್ನು ಪರಿಶೀಲಿಸಿದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದವೆಂದು ಗುರುತಿಸಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ, ಉಸ್ಮಾನಾಬಾದ, ನಾಂದೇಡಗಳ ಜೊತೆಗೆ ನಮ್ಮ ಕಲಬುರಗಿಯೂ ಇತ್ತು. ಸತ್ತವರು ಒಟ್ಟು 27 ಸಾವಿರದಿಂದ 40 ಸಾವಿರ ಎಂದು ಅದು ಅಂದಾಜಿಸಿತು, ಮತ್ತು ಆ ವರದಿ ದಶಕಗಳ ಕಾಲ ಬೀರುವಿನಿಂದ ಹೊರಬರಲಿಲ್ಲ. ಇಂಥ ನೆಲದಲ್ಲಿ ಅಟ್ಟದಿಂದ ಇಳಿಯುವ ಒಂದು ಬಂದೂಕು ಸಾಕ್ಷಿಯೂ ಆಗಿರಬಹುದು. ಅದು ಬೆಳೆ ಕಾಯ್ದ ಬಂದೂಕೋ, ಜಾಗೀರದ ಸಿಪಾಯಿಯದೋ, ಶಿಬಿರದ್ದೋ, ರಜಾಕಾರನದೋ ಎಂಬುದು ಇತಿಹಾಸಕಾರರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಲ್ಲ, ಊರಿನ ಮನೆಮನೆಗೂ ಸಂಬಂಧಪಟ್ಟದ್ದು. ಕಟ್ಟಳೆಯಿಲ್ಲದ ಪೇಟೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವನು ಮಾರುವವನು. ‘ರಜಾಕಾರರ ಬಂದೂಕು’ ಎಂದೋ ‘ಸ್ವಾತಂತ್ರ್ಯ ಯೋಧರ ಬಂದೂಕು’ ಎಂದೋ ಚೀಟಿ ಕಟ್ಟಿದರೆ ಬೆಲೆ ಹತ್ತು ಪಟ್ಟು ಏರುತ್ತದೆ ಎಂದಾದಾಗ ಚೀಟಿ ಬರೆಯಲು ಎಷ್ಟು ಹೊತ್ತು? ಸುಳ್ಳು ವಂಶಾವಳಿ ಹುಟ್ಟುವುದು ಹೀಗೆ, ಮತ್ತು ನಮ್ಮ ಕಡೆ ಅದು ಕೊಂಡವರ ದುಡ್ಡನ್ನಷ್ಟೇ ಹಾಳುಮಾಡಿ ಸುಮ್ಮನಾಗುವ ಸುಳ್ಳಲ್ಲ.

ಸರಕಾರವೇ ದಾಖಲಿಸಬೇಕು ಎಂಬ ನನ್ನ ಮಾತಿಗೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಸರಕಾರದ ಕೈಗೆ ಹೋದದ್ದು ಉಳಿಯುತ್ತದೆಯೇ? ಠಾಣೆಯ ಮಾಲಖಾನೆಗೆ ಸೇರಿದ ಆಯುಧ ತುಕ್ಕು ತಿಂದು ಮುಗಿಯುತ್ತದೆ ಅಥವಾ ಕೊನೆಗೊಂದು ದಿನ ನಾಶವಾಗುತ್ತದೆ; ವಸ್ತುಪ್ರೀತಿ ಇರುವ ಖಾಸಗಿ ಸಂಗ್ರಹಕಾರರು ಎಣ್ಣೆ ಹಾಕಿ ಒರೆಸಿ ಇಡುತ್ತಾರೆ. ನೇಪಾಳದ ಕಥೆ ಈ ವಾದದ ಪರವಾಗಿಯೇ ಇದೆ. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೇ ಅರಮನೆಯಲ್ಲಿ ಗೂರ್ಖಾ ಸೇನೆಯ ಬಂದೂಕುಗಳು ಧೂಳು ಹಿಡಿದು ಬಿದ್ದಿದ್ದವು. ಬ್ರೌನ್ ಬೆಸ್, ಬ್ರನ್ಸ್‌ವಿಕ್, ಮಾರ್ಟಿನಿ-ಹೆನ್ರಿ, ನೇಪಾಳದಲ್ಲೇ ತಯಾರಾದ ಗಹೇಂದ್ರ ಎಲ್ಲವೂ ಅಲ್ಲಿದ್ದವು. 2003ರಲ್ಲಿ ಅಮೆರಿಕದ ಎರಡು ಕಂಪನಿಗಳು ಇಡೀ ಉಗ್ರಾಣವನ್ನೇ ಕೊಂಡು ಸಾಗಿಸಿದವು. ಅವು ಕೊಳ್ಳದಿದ್ದರೆ ಅಷ್ಟೂ ಗುಜರಿಯಾಗುತ್ತಿತ್ತೋ ಏನೋ. ಆದರೆ ಪೂರ್ತಿ ಚಿತ್ರ ನೋಡಬೇಕು. ಒಂದು ದೇಶದ ಸೇನೆ ಇನ್ನೂರು ವರ್ಷ ಹೇಗೆ ಆಯುಧ ಕೂಡಿಸಿತು ಎಂಬುದಕ್ಕೆ ಆ ಉಗ್ರಾಣ ಒಟ್ಟಾಗಿದ್ದಾಗ ಪುರಾವೆಯಾಗಿತ್ತು. ಒಂದೊಂದಾಗಿ ಮಾರಾಟವಾದ ಮೇಲೆ ಹತ್ತಾರು ಸಾವಿರ ಗೋಡೆಗಳ ಅಲಂಕಾರವಾಯಿತು. ದೇವನಾಗರಿಯಲ್ಲಿ ಪಲ್ಟಣದ ಗುರುತು ಕೆತ್ತಿದ ಬಂದೂಕನ್ನು ಆ ಲಿಪಿ ಬಾರದವರು ಕೊಂಡರು. ವಸ್ತು ಉಳಿಯಿತು ಎನ್ನಬಹುದು. ಅದನ್ನು ಓದಬಲ್ಲವರಿಂದ ಅದು ದೂರ ಹೋಯಿತು ಎಂಬುದೂ ಅಷ್ಟೇ ನಿಜ. ಸಾಗಿಸುವ ಮೊದಲು ಪ್ರತಿಯೊಂದರ ಚಿತ್ರ, ಗುರುತು, ಇದ್ದ ಜಾಗ ದಾಖಲಾಗಿದ್ದರೆ ಸಂಗ್ರಹಕಾರರಿಗೂ ನಷ್ಟವಿರಲಿಲ್ಲ, ನೇಪಾಳಕ್ಕೂ ಇರಲಿಲ್ಲ. ಸಂಗ್ರಹಕಾರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಎರಡನೆಯ ಸಾಲಿನಲ್ಲಿ ನಿಲ್ಲಬೇಕು ಎನ್ನುವುದಷ್ಟೇ ನನ್ನ ಮಾತು.

ಕೊಡಗಿಗಿಲ್ಲದ ಕಟ್ಟಳೆ ನಮಗೇಕೆ ಎನ್ನುವವರೂ ಇದ್ದಾರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿ ವಿನಾಯಿತಿ ಇದೆ, ಕೇಂದ್ರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆಗಿಡುವ ಕೋವಿ ಬಳಕೆಯಲ್ಲಿರುವ ಆಯುಧ, ಅದರ ಒಡೆಯರು ಯಾರೆಂದು ಊರಿಗೆಲ್ಲ ಗೊತ್ತು. ನಮ್ಮಲ್ಲಿ ಆ ಪರಂಪರೆ ಮುರಿದು ಮುಕ್ಕಾಲು ಶತಮಾನವಾಗಿದೆ. ಹೋಲಿಕೆ ಕೂಡುವುದಿಲ್ಲ.

ಆಸ್ತಿ ಹಕ್ಕಿನ ಪ್ರಶ್ನೆ ಹೆಚ್ಚು ನ್ಯಾಯವಾದದ್ದು. ಅಜ್ಜನ ಬಂದೂಕು ಮೊಮ್ಮಗನ ಸ್ವತ್ತು. ಮಳೆ ಕೈಕೊಟ್ಟು ತೊಗರಿ ಹೋದ ವರ್ಷ ಅದನ್ನು ಮಾರಿ ನಾಲ್ಕು ಕಾಸು ಮಾಡಿಕೊಂಡರೆ ತಪ್ಪೇನು? ತಪ್ಪಿಲ್ಲ. ಆದರೆ ಇಂದಿನ ಸ್ಥಿತಿಯಲ್ಲಿ ಆ ಮೊಮ್ಮಗನಿಗೆ ನ್ಯಾಯವಾದ ಬೆಲೆ ಸಿಗುವ ದಾರಿಯೇ ಇಲ್ಲ. 2019ರ ತಿದ್ದುಪಡಿಯ ನಂತರ ಪಾರಂಪರ್ಯದ ಬಂದೂಕು ಸೇರಿಸಿ ಒಬ್ಬರಿಗೆ ಎರಡೇ ಆಯುಧ. 1959ರ ಕಾಯ್ದೆಯ 45ನೇ ಕಲಮಿನ ಪ್ರಕಾರ, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಹಳೇ ಆಯುಧ ಕಾಯ್ದೆಯ ಹೊರಗೆ. ಅದರ ಮೇಲೆ 2020ರ ಕ್ಯೂರಿಯೋ ವಿನಾಯಿತಿ. ಇದರ ಜೊತೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ: ನೂರು ವರ್ಷ ದಾಟಿದ್ದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ, ವ್ಯಾಪಾರ ಮಾಡಲು ಬೇರೆ ಲೈಸೆನ್ಸ್ ಬೇಕು. ಆಡಕಿಯಂಥ ಹಳ್ಳಿಯ ಒಂದು ಮನೆಯವರು ತಮ್ಮ ಅಟ್ಟದ ಮೇಲಿನ ತುಕ್ಕು ಬಂದೂಕು ಇವುಗಳಲ್ಲಿ ಯಾವ ಖಾನೆಗೆ ಬರುತ್ತದೆಂದು ತಾವೇ ತೀರ್ಮಾನಿಸಿ ಠಾಣೆಯವರನ್ನು ಒಪ್ಪಿಸಲು ಸಾಧ್ಯವೇ? ಅಂಜಿಕೆಯಿಂದ ಹೊಲದಲ್ಲಿ ಹೂಳುತ್ತಾರೆ, ಇಲ್ಲವೇ ಕತ್ತಲಲ್ಲಿ ಬಂದ ದಲ್ಲಾಳಿಗೆ ಕೈಗೆ ಬಂದಷ್ಟಕ್ಕೆ ಕೊಡುತ್ತಾರೆ. ಮನೆಯವರು ಅಂಜಿದಷ್ಟೂ ದಲ್ಲಾಳಿಗೆ ಲಾಭ. ಅಧಿಕೃತ ದಾಖಲೆಯಿರುವ ಬಂದೂಕಿಗೆ ಮಾತ್ರ ಬೆಳಕಿನಲ್ಲಿ ಬೆಲೆ ಕೇಳಬಹುದು. ದಾಖಲೆ ಆಸ್ತಿ ಹಕ್ಕಿಗೆ ಅಡ್ಡಿ ಎನ್ನುವವರು ಪಹಣಿ ಇಲ್ಲದ ಹೊಲ ಯಾವ ಬೆಲೆಗೆ ಹೋಗುತ್ತದೆಂದು ಯೋಚಿಸಲಿ.

ಹಾಗಾದರೆ ಮಾಡಬೇಕಾದ್ದು ಏನು? ಜಿಲ್ಲಾಧಿಕಾರಿ ಪರವಾನಗಿ ಕೊಡುವ ಅಧಿಕಾರಿ, ಕಲಬುರಗಿಯಲ್ಲಿ ಬಹಮನಿ ಕಾಲದ ಗುಮ್ಮಟಗಳಲ್ಲಿ ಸರಕಾರಿ ವಸ್ತುಸಂಗ್ರಹಾಲಯ ಇದೆ, ಠಾಣೆಗಳಲ್ಲಿ ಮಾಲಖಾನೆಗಳಿವೆ. ಈ ಮೂವರೂ ಒಂದು ಮೇಜಿನ ಸುತ್ತ ಕೂತರೆ ಸಾಕು, ಹೊಸ ಇಲಾಖೆ ಬೇಡ. ನಿಗದಿತ ಅವಧಿಯಲ್ಲಿ ಹಳೇ ಆಯುಧ ತಂದು ತೋರಿಸಿದವರ ಮೇಲೆ ಅದೇ ಕಾರಣಕ್ಕೆ ಮೊಕದ್ದಮೆ ಹೂಡುವುದಿಲ್ಲ ಎಂಬ ಭರವಸೆ ಮೊದಲು ಬರಬೇಕು. ರಾಜ್ಯ ಸರಕಾರ ಅದನ್ನು ಲಿಖಿತವಾಗಿ ಕೊಡಬೇಕು, ಬಾಯಿಮಾತು ನಡೆಯದು. ಸೇಡಂ, ಚಿತ್ತಾಪುರ, ಚಿಂಚೋಳಿ ತಹಶೀಲ ಕಚೇರಿಗಳಲ್ಲಿ ಶಿಬಿರ ನಡೆಸಿ ಪ್ರತಿ ಬಂದೂಕಿನ ಚಿತ್ರ, ಅಳತೆ, ಗುರುತು ತೆಗೆದುಕೊಂಡು, ಮನೆಯವರು ಹೇಳುವ ಕಥೆಯನ್ನು ಅವರ ಮಾತಿನಲ್ಲೇ, ‘ಮನೆಯವರ ಹೇಳಿಕೆ’ ಎಂದೇ ನಮೂದಿಸಬೇಕು. ಹಾರಿಸಲು ಬರುವಂಥದ್ದನ್ನು ನಿಷ್ಕ್ರಿಯಗೊಳಿಸಿ ಮನೆಯಲ್ಲೇ ಇಟ್ಟುಕೊಳ್ಳುವ ಆಯ್ಕೆ ಕೊಡಬೇಕು, ಅದೂ ಕುಂದಾ, ಕೆತ್ತನೆಗಳಿಗೆ ಪೆಟ್ಟಾಗದ ಹಾಗೆ. ಮಾಲಖಾನೆಯಲ್ಲಿ ಬಿದ್ದಿರುವುದನ್ನು ನಾಶಪಡಿಸುವ ಆದೇಶಕ್ಕೆ ಸಹಿ ಬೀಳುವ ಮೊದಲು ವಸ್ತುಸಂಗ್ರಹಾಲಯದವರು ಒಮ್ಮೆ ನೋಡಿರಬೇಕು. ಮಾರಲು ಬಯಸುವವರ ವಸ್ತುವನ್ನು ಕೊಳ್ಳುವ ಮೊದಲ ಹಕ್ಕು ಸರಕಾರಕ್ಕಿರಲಿ, ಆದರೆ ಬೆಲೆ ಕೊಟ್ಟು. ಪ್ರಾಚೀನ ವಸ್ತುವನ್ನು ಪರಿಹಾರ ಕೊಟ್ಟು ಸ್ವಾಧೀನಪಡಿಸಿಕೊಳ್ಳುವ ಅವಕಾಶ 1972ರ ಕಾಯ್ದೆಯಲ್ಲೇ ಇದೆ. ಸರಕಾರಕ್ಕೆ ಬೇಡವಾದರೆ ದಾಖಲೆಯ ಸಮೇತ ಸಂಗ್ರಹಕಾರರಿಗೆ ಹೋಗಲಿ, ಮಳಿಗೆಗೂ ಹೋಗಲಿ. ಈ ಕೆಲಸಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದವರು ನಳಿಗೆಯ ಮೇಲಿನ ಉರ್ದು, ಪಾರಸಿ ಅಕ್ಷರ ಓದಬಲ್ಲವರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಶಾಲೆ ಕಲಿತು, 1948ನ್ನು ಕಣ್ಣಾರೆ ಕಂಡವರಿಗೆ ಈಗ ತೊಂಬತ್ತರ ಮೇಲೆ ವಯಸ್ಸು. ಮೊದಲ ಶಿಬಿರಕ್ಕೆ ಅವರನ್ನೇ ಕರೆಯಬೇಕು.