ಪರದೆಯಿಲ್ಲದ ಯಂತ್ರದ ಪರವಾಗಿ

ಲೋಹಶೋಧಕ ಎಂದರೆ ನಮ್ಮವರಿಗೆ ವಿಮಾನ ನಿಲ್ದಾಣದ ಬಾಗಿಲೇ ನೆನಪಾಗುತ್ತದೆ. ಬ್ರಿಟನ್ನಿನಲ್ಲಿ ಅದು ಭಾನುವಾರದ ಹವ್ಯಾಸ. ಹೊಲದೊಡೆಯನ ಅನುಮತಿ ಪಡೆದು, ಕಟಾವಾದ ಹೊಲದಲ್ಲಿ ಕೋಲಿನ ತುದಿಯ ಸುರುಳಿಯನ್ನು ಅತ್ತಿತ್ತ ಬೀಸುತ್ತ ನಡೆಯುವುದು, ಸದ್ದಾದಲ್ಲಿ ಅಗೆಯುವುದು. ಇಲ್ಲಿ ನೆಲೆಸಿದ ಮೇಲೆ ನನಗೂ ಈ ಹುಚ್ಚು ಹತ್ತಿತು. ಆದರೆ ಜೊತೆಯ ಹುಚ್ಚರ ಮೇಲೆ ನನ್ನದೊಂದು ತಕರಾರಿದೆ. ನಾಲ್ವರು ಸೇರಿದರೆ ಮಾತೆಲ್ಲ ಹೊಸ ಯಂತ್ರದ ಬೆಲೆಯದ್ದು, ಅದರ ಪರದೆಯ ಮೇಲೆ ಮೂಡುವ ಅಂಕಿಗಳದ್ದು. ಅಗ್ಗದ ಹಳೆಯ ಯಂತ್ರ ಹಿಡಿದು ಬಂದವನನ್ನು ಮದುವೆಮನೆಗೆ ಹರಿದ ಚಪ್ಪಲಿಯಲ್ಲಿ ಬಂದವನಂತೆ ನೋಡುತ್ತಾರೆ. ಅಂಥವನು ಮುಂದಿನ ವಾರ ಬರುವುದಿಲ್ಲ.

ನಾನು ವಕಾಲತ್ತು ವಹಿಸುವುದು ಟೆಸೊರೊ ಕಂಪಾದ್ರೆಯಂಥ ಯಂತ್ರಗಳಿಗೆ. ಟೆಸೊರೊ ಎಂಬುದು ಅಮೆರಿಕದ ಅರಿಜೋನಾದಲ್ಲಿದ್ದ, ಜ್ಯಾಕ್ ಗಿಫರ್ಡ್ ಕಟ್ಟಿದ ಕಂಪನಿ. ಮಾರಿದ ಯಂತ್ರಕ್ಕೆ ಜೀವಮಾನದ ಖಾತರಿ ಕೊಡುತ್ತಿತ್ತು, 2018ರಲ್ಲಿ ಬಾಗಿಲು ಹಾಕಿತು. ಕಂಪಾದ್ರೆಯ ತೂಕ ಸುಮಾರು ಒಂದು ಕಿಲೋ. ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ತಿರುಗಿಸಲು ಒಂದೇ ಗುಂಡಿ. ಮಿಕ್ಕಿದ್ದೆಲ್ಲ ಕಿವಿಯ ಕೆಲಸ. ತುಕ್ಕು ಮೊಳೆಯ ಸದ್ದು ಒಡೆದೊಡೆದು ಬರುತ್ತದೆ, ಬೆಳ್ಳಿ ನಾಣ್ಯದ್ದು ದುಂಡಗೆ.

ಆಳದ್ದನ್ನು ಹಿಡಿಯುವುದಿಲ್ಲ ಎಂಬುದು ಇದರ ಮೇಲಿನ ದೂರು. ಸಣ್ಣ ವಸ್ತುವಿನಿಂದ ಮರಳುವ ಸಂಕೇತ ಎಷ್ಟು ಬೇಗ ಕುಗ್ಗುತ್ತದೆಂದರೆ, ದೂರ ಇಮ್ಮಡಿಯಾದರೆ ಉಳಿಯುವುದು 64ರಲ್ಲಿ ಒಂದು ಪಾಲು! ಈ ಹಟಮಾರಿ ಲೆಕ್ಕದ ಮುಂದೆ ಹಲವು ಪಟ್ಟು ಹಣ ಸುರಿದವನಿಗೂ ಹೆಚ್ಚಾಗಿ ಸಿಗುವುದು ಕೆಲವೇ ಅಂಗುಲ. ಇತ್ತ ಮೊಳೆ ತುಂಬಿದ ಹಳೆಯ ನಿವೇಶನದಲ್ಲಿ, ಆರಂಗುಲಕ್ಕೂ ಕಡಿಮೆಯಿರುವ ಕಂಪಾದ್ರೆಯ ಸುರುಳಿ ಎರಡು ಮೊಳೆಗಳ ನಡುವಿನ ನಾಣ್ಯವನ್ನು ಬಿಡಿಸಿ ಹೇಳಬಲ್ಲದು. ದೊಡ್ಡ ಸುರುಳಿಗೆ ಮೂರೂ ಸೇರಿ ಒಂದೇ ಗದ್ದಲ. ಪರದೆಯ ಅಂಕಿಯೇನೂ ಸರ್ವಜ್ಞನಲ್ಲ. ಪಾನೀಯದ ಡಬ್ಬಿಯ ಮುಚ್ಚಳ ಎಳೆಯುವ ಅಲ್ಯೂಮಿನಿಯಂ ಬಳೆಗೂ ಚಿನ್ನದ ಉಂಗುರಕ್ಕೂ ಅದು ಒಂದೇ ಅಂಕಿ ತೋರಿಸಬಹುದು. ಅಂಕಿ ನಂಬಿ ಅಗೆಯದೆ ಮುಂದೆ ಹೋದವರು ಎಷ್ಟು ಉಂಗುರ ಬಿಟ್ಟರೋ!

ಸಮುದ್ರದ ಒದ್ದೆ ಮರಳಿನ ಮಾತು ಬೇರೆ, ಒಪ್ಪುತ್ತೇನೆ. ಅಲ್ಲಿನ ಉಪ್ಪು ಒಂದೇ ಆವರ್ತನದ ಯಂತ್ರವನ್ನು ಗೋಳುಹೊಯ್ದುಕೊಳ್ಳುತ್ತದೆ. ಹಲವು ಆವರ್ತನಗಳ ದುಬಾರಿ ಯಂತ್ರ ಅಲ್ಲಿಗೆ ಸರಿ. ಆದರೆ ನಮ್ಮಲ್ಲಿ ಹೆಚ್ಚಿನವರು ತುಳಿಯುವುದು ಹೊಲವನ್ನು.

2009ರ ಜುಲೈನಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಟೆರಿ ಹರ್ಬರ್ಟ್‌ಗೆ ಆಂಗ್ಲೋ-ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು. ಅದಕ್ಕೆ ಕಟ್ಟಿದ ಬೆಲೆ 32.85 ಲಕ್ಷ ಪೌಂಡು. ಪತ್ರಿಕೆಗಳು ಬರೆದ ಪ್ರಕಾರ, ಆತನ ಕೈಯಲ್ಲಿದ್ದುದು ಎರಡೂವರೆ ಪೌಂಡಿಗೆ ಕೊಂಡ 14 ವರ್ಷ ಹಳೆಯ ಯಂತ್ರ. ಅದೃಷ್ಟ ಎನ್ನುತ್ತೀರಿ. ಇರಲಿ, ಆ ಅದೃಷ್ಟ ಯಂತ್ರದ ಬೆಲೆಯನ್ನಂತೂ ಕೇಳಲಿಲ್ಲ.

ಹೊಸಬರು ನನ್ನನ್ನು ಕೇಳಿದರೆ, ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಒಂದೇ ಗುಂಡಿಯ ಯಂತ್ರ ಹುಡುಕಿ ಎನ್ನುತ್ತೇನೆ. ಉಳಿದ ಹಣದಲ್ಲಿ ಒಳ್ಳೆಯ ಹೆಡ್‌ಫೋನು ಕೊಳ್ಳಲಿ, ಗಟ್ಟಿ ಗುದ್ದಲಿ ಕೊಳ್ಳಲಿ, ಹೊಲದೊಡೆಯನಿಗೊಂದು ಒಳ್ಳೆಯ ಬಾಟಲಿ ಒಯ್ಯಲಿ.