ಎಂಪಿ3ಯಿಂದ ಮೂಲಪ್ರತಿ ಹುಟ್ಟುವುದಿಲ್ಲ

ಜಾನಪದ, ಮೌಖಿಕ ಕಾವ್ಯ ಅಂತ ಸಂಶೋಧನೆಗೆ ಇಳಿದ ನಮ್ಮಂಥವರ ನಡುವೆ ಒಂದು ದೂರು ಆಗಾಗ ಕೇಳಿಬರುತ್ತದೆ. 'ವಿಭಾಗದ ಕಂಪ್ಯೂಟರಿಗೆ ಲಿನಕ್ಸ್ ಹಾಕಿಬಿಟ್ಟಿದ್ದಾರೆ, ಒಂದು ಸಿಡಿ ಕೂಡ ಬರ್ನ್ ಆಗಲ್ಲ.' ಪ್ರಬಂಧ ಸಲ್ಲಿಸುವ ವಾರದಲ್ಲಿ ಈ ದೂರು ಜೋರಾಗುತ್ತದೆ. ಕ್ಷೇತ್ರಕಾರ್ಯದಲ್ಲಿ ಮುದ್ರಿಸಿಕೊಂಡ ಹಾಡು, ಕಥನಗಳನ್ನು ಸಿಡಿ ಮಾಡಿ ಪ್ರಬಂಧದ ಹಿಂರಟ್ಟಿಗೆ ಅಂಟಿಸಿ ಕೊಡುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಕೈಯಲ್ಲಿರುವುದು ಎಂಪಿ3 ಫೈಲುಗಳು. ತಂತ್ರಾಂಶದೊಳಕ್ಕೆ ಎಳೆದು ಹಾಕಿದರೆ ಅದು ಬೇಡ ಅನ್ನುತ್ತದೆ. ಬೈಗುಳ ಶುರುವಾಗುತ್ತದೆ.

ಈ ದೂರಿಗೆ ಲಿನಕ್ಸ್ ಪ್ರಿಯರು ಕೊಡುವ ಉತ್ತರವೂ ನನಗೆ ಹಿಡಿಸುವುದಿಲ್ಲ. 'ಮೊದಲು ಕೈಪಿಡಿ ಓದು' ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ, ಇಲ್ಲವೇ ಟರ್ಮಿನಲ್ಲಿನಲ್ಲಿ ಒಂದು ಸಾಲು ಬರೆದುಕೊಟ್ಟು 'ಈಗ ನೋಡು' ಅನ್ನುತ್ತಾರೆ. ಸಿಡಿ ಬರ್ನ್ ಆಗುತ್ತದೆ, ಎಲ್ಲರೂ ಟೀ ಕುಡಿಯಲು ಹೋಗುತ್ತಾರೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಆ ತಂತ್ರಾಂಶ ಬೇಡ ಅಂದದ್ದೇ ಸರಿ. ಅದನ್ನು ಹೇಗೋ ಒಪ್ಪಿಸಿ ನಾವು ಮಾಡಿಕೊಂಡ ಸಿಡಿಯೇ ತಪ್ಪು.

ಸಿಡಿಯಲ್ಲಿ ಎರಡು ಜಾತಿ ಇವೆ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಡೇಟಾ ಸಿಡಿ ಅಂದರೆ ಫೈಲುಗಳ ಡಬ್ಬಿ. ಎಂಪಿ3 ಹಾಕಿ, ಪಿಡಿಎಫ್ ಹಾಕಿ, ಅದಕ್ಕೆ ಬೇಧಭಾವವಿಲ್ಲ. ಲಿನಕ್ಸಿನಲ್ಲಿ ಇದಕ್ಕೆ ತೊಂದರೆ ಬರುವುದು ಬಲು ಅಪರೂಪ. ಆಡಿಯೋ ಸಿಡಿಯ ಕಥೆ ಬೇರೆ. 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ 'ರೆಡ್ ಬುಕ್' ನಿಯಮದ ಪ್ರಕಾರ ಅದರಲ್ಲಿ ಫೈಲು ಎಂಬುದೇ ಇಲ್ಲ. ಇರುವುದು ದನಿಯ ಅಳತೆಗಳ ಸಾಲು ಮಾತ್ರ. ಸೆಕೆಂಡಿಗೆ 44,100 ಅಳತೆ, ಒಂದೊಂದು 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಸೆಕೆಂಡಿಗೆ 75 ಸೆಕ್ಟರು, ಒಂದು ಸೆಕ್ಟರಿಗೆ 2,352 ಬೈಟು. ಎಂಪಿ3ಗೆ ಅಲ್ಲಿ ಜಾಗವೇ ಇಲ್ಲ. ಅದನ್ನು ಮೊದಲು ಬಿಚ್ಚಿ, ಸಂಖ್ಯೆಗಳ ಸಾಲಾಗಿ ಹರಡಿ, ಆಮೇಲೆ ಬರೆಯಬೇಕು. ಬೇರೆ ವ್ಯವಸ್ಥೆಗಳಲ್ಲೂ ಆಗುವುದು ಇದೇ. ಅಲ್ಲಿ ನಮಗೆ ಕಾಣದ ಹಾಗೆ ಆಗುತ್ತದೆ, ಅಷ್ಟೇ.

ಲಿನಕ್ಸಿನಲ್ಲಿ ಅದು ಎಡವುವ ಜಾಗಗಳು ಹೆಚ್ಚೇನಿಲ್ಲ. ಮೊದಲನೆಯದು, ಎಂಪಿ3 ಬಿಚ್ಚುವ ಕೀಲಿ ಇಲ್ಲದಿರುವುದು. ಕೆ3ಬಿ ಬಳಸುವವರು ಡೆಬಿಯನ್, ಉಬುಂಟುಗಳಲ್ಲಿ 'ಎಕ್ಸ್‌ಟ್ರಾ ಕೋಡೆಕ್ಸ್' ಎಂಬ ಪ್ರತ್ಯೇಕ ಪ್ಯಾಕೇಜನ್ನು ಹಾಕಿಕೊಳ್ಳಬೇಕು. ಬ್ರಾಸೆರೋ ಬಳಸುವವರು ಜಿಸ್ಟ್ರೀಮರಿನ ಪ್ಲಗಿನ್ನುಗಳನ್ನು ಹಾಕಿಕೊಳ್ಳಬೇಕು. ಇದನ್ನು ತಂತ್ರಜ್ಞಾನದ ಕೊರತೆ ಅಂದುಕೊಂಡವರು ಇತಿಹಾಸ ನೋಡಬೇಕು. ಎಂಪಿ3 ಮೇಲೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಮತ್ತು ಇತರರ ಪೇಟೆಂಟುಗಳಿದ್ದವು. ಆ ಭಯಕ್ಕೆ ರೆಡ್ ಹ್ಯಾಟ್ 2002ರಲ್ಲಿ ತನ್ನ 8.0 ಆವೃತ್ತಿಯಿಂದ ಎಂಪಿ3ಯನ್ನೇ ಕಿತ್ತು ಹಾಕಿತು. ಫ್ರೌನ್‌ಹೋಫರಿನ ಪರವಾನಗಿ ವ್ಯವಹಾರ ಮುಗಿದದ್ದು 2017ರ ಏಪ್ರಿಲಿನಲ್ಲಿ. ಅಂದರೆ ಹದಿನೈದು ವರ್ಷ ಕಾಲ 'ಈ ಫೈಲು ಬರುವುದಿಲ್ಲ' ಎಂಬ ಸಂದೇಶದ ಹಿಂದೆ ಒಬ್ಬ ವಕೀಲ ಕೂತಿದ್ದ. ಆ ಸಿಟ್ಟನ್ನು ನಾವು ತೀರಿಸಿಕೊಂಡದ್ದು ಪುಕ್ಕಟೆಯಾಗಿ ತಂತ್ರಾಂಶ ಬರೆದುಕೊಟ್ಟವರ ಮೇಲೆ. (ಹಾಗಂತ ಅವರೇನು ಜಗಳವಾಡದ ಸಾಧುಗಳಲ್ಲ. ಸಿಡಿ ಬರೆಯುವ ಮೂಲ ಉಪಕರಣವಾದ ಸಿಡಿರೆಕಾರ್ಡಿನ ಪರವಾನಗಿ ವಿಷಯಕ್ಕೆ 2006ರಲ್ಲಿ ಡೆಬಿಯನ್ ಬಣ ಒಡೆದುಕೊಂಡು 'ವೋಡಿಮ್' ಎಂಬ ಕವಲು ಮಾಡಿಕೊಂಡಿತು.)

ಎರಡನೆಯದು ಅಳತೆಯ ತಕರಾರು. ಮೊಬೈಲಿನಲ್ಲೋ ಸಣ್ಣ ರೆಕಾರ್ಡರಿನಲ್ಲೋ ಮುದ್ರಿಸಿದ ದನಿ ಹಲವು ಸಲ ಒಂದೇ ಚಾನೆಲ್ಲಿನದು, ಅಥವಾ ಸೆಕೆಂಡಿಗೆ 22,050 ಇಲ್ಲವೇ 48,000 ಅಳತೆಯದು. ಅದನ್ನು ವೇವ್ ಫೈಲಾಗಿ ಬಿಚ್ಚಿದ ಮಾತ್ರಕ್ಕೆ ಸಿಡಿಗೆ ಹೊಂದುವುದಿಲ್ಲ. ವೋಡಿಮ್ ಅದನ್ನು ನೋಡಿ ದನಿಯ ಕೋಡಿಂಗ್ ಸರಿಯಿಲ್ಲ ಎಂಬರ್ಥದ ಮಾತು ಹೇಳಿ ನಿಲ್ಲಿಸುತ್ತದೆ. ಎಫ್‌ಎಫ್‌ಎಂಪೆಗ್ ಅಥವಾ ಸಾಕ್ಸ್ ಬಳಸಿ 44,100ಕ್ಕೆ, ಎರಡು ಚಾನೆಲ್ಲಿಗೆ, 16 ಬಿಟ್ಟಿಗೆ ತಂದರೆ ಹಾದಿಗೆ ಬರುತ್ತದೆ. ಕಚ್ಚಾ ದನಿಯನ್ನು ಬೈಟುಗಳ ಹಿಂದುಮುಂದು ನೋಡದೆ ಬರೆದುಬಿಟ್ಟರೆ ಹಾಡಿನ ಬದಲು ಜಿಂಕ್ ಶೀಟಿನ ಮೇಲೆ ಮಳೆ ಸುರಿದ ಸದ್ದು ಬರುತ್ತದೆ. ಡ್ರೈವನ್ನು ಮುಟ್ಟಲು ಅನುಮತಿ ಇಲ್ಲದಿದ್ದರೆ ಬಳಕೆದಾರರನ್ನು ಸಿಡಿರಾಮ್ ಗುಂಪಿಗೆ ಸೇರಿಸಬೇಕು. ಅಗ್ಗದ ಡಿಸ್ಕಾದರೆ ವೇಗ ಇಳಿಸಿ ಬರೆಯುವುದು ಲೇಸು. ಇವೆಲ್ಲ ಅರ್ಧ ದಿನದ ಕೆಲಸ.

ಮೂರನೆಯದನ್ನು ನಾನು ಹೆಚ್ಚು ಗಂಭೀರವಾಗಿ ನೋಡುತ್ತೇನೆ: ಸುಳ್ಳು ಹೇಳುವ ಫೈಲು. ಹೆಸರಿನ ಬಾಲದಲ್ಲಿ ಎಂಪಿ3 ಅಂತ ಇರುತ್ತದೆ, ಒಳಗೆ ಇನ್ನೇನೋ ಇರುತ್ತದೆ. ಲಿನಕ್ಸಿನಲ್ಲಿ 'ಫೈಲ್' ಎಂಬ ಪುಟ್ಟ ಆಜ್ಞೆ ಕೊಟ್ಟರೆ ಅದು ಹೆಸರು ನಂಬದೆ ಒಳಗನ್ನು ನೋಡಿ ಹೇಳುತ್ತದೆ. ಹಳೆಯ ಮೊಬೈಲುಗಳು ದನಿಯನ್ನು ಎಎಂಆರ್ ರೂಪದಲ್ಲಿ ಹಿಡಿಯುತ್ತಿದ್ದವು. ಅದು ಫೋನಿನ ಮಾತಿಗಾಗಿ ಮಾಡಿದ್ದು, ಸೆಕೆಂಡಿಗೆ ಬರೇ 8,000 ಅಳತೆ. ಯಾರೋ ಅದನ್ನು ಎಂಪಿ3 ಮಾಡಿರುತ್ತಾರೆ, ಮತ್ಯಾರೋ ಅದನ್ನು ಆಡಿಯೋ ಸಿಡಿ ಮಾಡಿರುತ್ತಾರೆ. ಸಿಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಮೂಲ ಧ್ವನಿಮುದ್ರಣ' ಎಂದು ಬರೆದಿರುತ್ತದೆ. ಅಂಥ ಸಿಡಿಗಳನ್ನು ವಿಭಾಗದ ಬೀರುವಿನಿಂದ ತೆಗೆದು ಕೇಳಿದ್ದೇನೆ. ಸೆಕೆಂಡಿಗೆ 44,100 ಅಳತೆಗಳ ಅಂಗಿ ತೊಟ್ಟ ಫೋನ್ ಕರೆ ಅದು.

ಇಲ್ಲಿಗೆ ನನ್ನ ಮೂಲ ಜಗಳಕ್ಕೆ ಬಂದೆ. ಸೆಕೆಂಡಿಗೆ 128 ಕಿಲೋಬಿಟ್ಟಿನ ಎಂಪಿ3, ಸಿಡಿಯ ದನಿಯ ಸುಮಾರು ಹನ್ನೊಂದನೇ ಒಂದು ಭಾಗ. ಉಳಿದ ಹತ್ತು ಭಾಗವನ್ನು ಮಡಿಸಿ ಇಟ್ಟಿಲ್ಲ, ಬಹುಪಾಲು ಎಸೆದಿದೆ. ಜೋರು ಸದ್ದಿನ ಪಕ್ಕದ ಮೆಲುಸದ್ದು ಕಿವಿಗೆ ಬೀಳುವುದಿಲ್ಲ ಎಂಬ ಲೆಕ್ಕದ ಮೇಲೆ ಯಾವುದು ಬೇಕು, ಯಾವುದು ಬೇಡ ಎಂದು ಅದು ತೀರ್ಮಾನಿಸುತ್ತದೆ. ಈ ಲೆಕ್ಕವನ್ನು ಹದಗೊಳಿಸುವಾಗ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತೆ ಮತ್ತೆ ಕೇಳಿದ್ದು ಸುಜಾನ್ ವೇಗಾ ವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಹಾಡನ್ನು. ಅದರಲ್ಲಿ ತಪ್ಪೇನಿಲ್ಲ. ಆದರೆ ಮಾದಪ್ಪನ ಗುಡ್ಡರ ಕಂಸಾಳೆ ಕೇಳಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ಎಂಪಿ3 ದನಿಯನ್ನು ತುಂಡುತುಂಡಾಗಿ ಲೆಕ್ಕ ಹಾಕುವುದರಿಂದ ಥಟ್ಟನೆ ಹುಟ್ಟುವ ಪೆಟ್ಟು ಅದಕ್ಕೆ ಕಷ್ಟ. ಪೆಟ್ಟಿನ ದೋಷ ಇಡೀ ತುಂಡಿಗೆ ಹರಡಿ, ಕಂಚು ಕಂಚಿಗೆ ತಾಗುವ ಮುಂಚೆಯೇ ಒಂದು ಸರಪರ ಕೇಳುತ್ತದೆ. ಕಡಿಮೆ ದರದಲ್ಲಿ ಇದು ಎದ್ದು ಕಾಣುತ್ತದೆ. ಮೇಲಿನ ಸ್ಥಾಯಿಯ ಝಣಝಣ ಸುಮಾರು 16 ಸಾವಿರ ಹರ್ಟ್ಸಿನ ಆಸುಪಾಸಿನಲ್ಲಿ ಕತ್ತರಿಸಿಹೋಗುತ್ತದೆ. ಅಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ನೋಡಿದರೆ ಅಡ್ಡಗೋಡೆ ಕಟ್ಟಿದ ಹಾಗೆ ಒಂದು ಗೆರೆ. ಅದರಿಂದ ಸಿಡಿ ಮಾಡಿದರೂ ಆ ಗೆರೆ ಹಾಗೇ ಇರುತ್ತದೆ. ನೂರು ರೂಪಾಯಿ ನೋಟಿನ ಜೆರಾಕ್ಸನ್ನು ಎಷ್ಟೇ ಒಳ್ಳೆಯ ಕಾಗದದ ಮೇಲೆ ತೆಗೆದರೂ ಅಂಗಡಿಯಲ್ಲಿ ನಡೆಯುವುದಿಲ್ಲವಷ್ಟೆ.

ಇದರ ಮುಂದಿನ ಹೆಜ್ಜೆ ಇನ್ನೂ ಕೆಟ್ಟದ್ದು. ಐದು ವರ್ಷದ ಮೇಲೆ ಇನ್ನೊಬ್ಬ ಸಂಶೋಧಕಿ ಬರುತ್ತಾಳೆ. ಸಿಡಿ ಸಿಗುತ್ತದೆ. ಆಡಿಯೋ ಸಿಡಿಯಲ್ಲವೇ, ಇದು ಮೂಲಪ್ರತಿ ಎಂದೇ ನಂಬುತ್ತಾಳೆ. ಅದರಿಂದ ಮತ್ತೆ ಎಂಪಿ3 ತೆಗೆದು ಫೋನಿಗೆ ಹಾಕಿಕೊಳ್ಳುತ್ತಾಳೆ. ಒಮ್ಮೆ ಎಸೆದದ್ದರ ಮೇಲೆ ಇನ್ನೊಮ್ಮೆ ಎಸೆತ. ಎಂಪಿ3 ಫೈಲೇ ಅವಳಿಗೆ ಸಿಕ್ಕಿದ್ದರೆ ಕನಿಷ್ಠ ಇದು ಸವೆದ ಪ್ರತಿ ಎಂದು ಅದರ ಹಣೆಯ ಮೇಲೇ ಬರೆದಿರುತ್ತಿತ್ತು. ಸಿಡಿ ಆ ಗುರುತನ್ನೂ ಅಳಿಸಿಹಾಕಿತು. ಇಡೀ ರಾತ್ರಿ ನಿಲ್ಲದೆ ಹರಿಯುವ ಕಾವ್ಯವನ್ನು ಟ್ರ್ಯಾಕುಗಳಾಗಿ ಕತ್ತರಿಸಿ ಬರೆದಾಗ ಆಗುವುದೂ ಇಂಥದ್ದೇ. ಎಂಪಿ3ಯ ಒಂದು ಚೌಕಟ್ಟಿಗೆ 1,152 ಅಳತೆ, ಸಿಡಿಯ ಒಂದು ಸೆಕ್ಟರಿಗೆ 588. ಒಂದಕ್ಕೊಂದು ಸಮ ಬೀಳುವುದಿಲ್ಲ. ಹಾಗಾಗಿ ತುದಿಯಲ್ಲಿ ಮೌನ ತುಂಬಬೇಕಾಗುತ್ತದೆ. ಟ್ರ್ಯಾಕಿಗೊಮ್ಮೆ ಬರೆಯುವ ವಿಧಾನ ಬಳಸಿದರೆ ನಡುವೆ ಎರಡು ಸೆಕೆಂಡು ಬೇರೆ. ಆ ಸಿಡಿ ಕೇಳಿದ ಯಾರಾದರೂ 'ಗಾಯಕರು ಇಲ್ಲಿ ಉಸಿರು ನಿಲ್ಲಿಸುತ್ತಾರೆ' ಎಂದು ಅಡಿಟಿಪ್ಪಣಿ ಬರೆದರೆ ಆಶ್ಚರ್ಯವಿಲ್ಲ.

ಹೀಗಾಗುತ್ತಿರುವುದು ಎಂಥ ಪರಂಪರೆಯ ಮನೆಯಲ್ಲಿ ಅನ್ನುವುದು ನನ್ನನ್ನು ಕೆಣಕುತ್ತದೆ. ಡಿ.ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಬರೆದ ಮನೆ ಇದು. ಓಲೆಗರಿಯ ಲಿಪಿಕಾರ ಎಲ್ಲಿ ಅಕ್ಷರ ಬಿಟ್ಟ, ಎಲ್ಲಿ ಸಾಲು ಹಾರಿಸಿದ, ಯಾವ ಪ್ರತಿ ಯಾವ ಪ್ರತಿಯ ಮಗು ಎಂದು ನಾವು ಎಂ.ಎ. ತರಗತಿಯಲ್ಲೇ ಕಲಿಯುತ್ತೇವೆ. ಒಂದು ಪದದ ಪಾಠಾಂತರಕ್ಕೆ ನಾಲ್ಕು ಹಸ್ತಪ್ರತಿ ನೋಡಿದ್ದೀಯಾ ಎಂದು ಕೇಳುವ ಮೇಷ್ಟ್ರು, ದನಿಯ ವಿಷಯಕ್ಕೆ ಬಂದಾಗ 'ಸಿಡಿ ಹಾಕಿದ್ದೀರಲ್ಲ, ಸಾಕು' ಅನ್ನುತ್ತಾರೆ. ಯಾವ ಯಂತ್ರದಲ್ಲಿ ಹಿಡಿದದ್ದು, ಯಾವ ದರದಲ್ಲಿ, ಎಷ್ಟನೇ ನಕಲು ಎಂಬ ಪ್ರಶ್ನೆ ಮೌಖಿಕ ಪರೀಕ್ಷೆಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಮೌಖಿಕ ಪರಂಪರೆ ಬರಹಕ್ಕಿಂತ ಕಡಿಮೆಯಲ್ಲ ಎಂದು ಮೊದಲ ಅಧ್ಯಾಯದಲ್ಲಿ ಬರೆಯುತ್ತೇವೆ. ಅನುಬಂಧಕ್ಕೆ ಬರುವಷ್ಟರಲ್ಲಿ ಅದು ಹಿಂರಟ್ಟಿನ ಲಕೋಟೆಗೆ ಬಿದ್ದಿರುತ್ತದೆ.

'ಕಿವಿಗೆ ವ್ಯತ್ಯಾಸ ಗೊತ್ತಾಗಲ್ಲ ಬಿಡಿ' ಎನ್ನುವವರಿದ್ದಾರೆ. ಒಳ್ಳೆಯ ದರದ ಎಂಪಿ3 ಆದರೆ ಒಮ್ಮೆ ಕೇಳುವಾಗ ಗೊತ್ತಾಗದೇ ಇರಬಹುದು, ಒಪ್ಪುತ್ತೇನೆ. ಆದರೆ ನಾವು ದನಿಯನ್ನು ಕೇಳಿ ಬಿಡುವುದಿಲ್ಲ. ನಿಧಾನ ಮಾಡಿ ಕೇಳುತ್ತೇವೆ, ಗದ್ದಲ ತೆಗೆಯುತ್ತೇವೆ, ಹಿಮ್ಮೇಳದ ಮೆಲುದನಿಯನ್ನು ಮೇಲೆತ್ತುತ್ತೇವೆ, ಸ್ವರದ ಏರಿಳಿತವನ್ನು ಗೆರೆಯಾಗಿ ಎಳೆಯುತ್ತೇವೆ. ಎಂಪಿ3 ಎಸೆದದ್ದು ಸರಿಯಾಗಿ ಇವುಗಳಿಗೆ ಬೇಕಾದ ಸಾಮಾನನ್ನೇ. ಜಾಗದ ನೆಪ ಹೇಳುವವರಿಗೆ ಲೆಕ್ಕ ಸಾಕು. ಸಿಡಿ ಗುಣಮಟ್ಟದ ಒಂದು ಗಂಟೆಗೆ ಸುಮಾರು 635 ಎಂಬಿ. ನಲವತ್ತು ಗಂಟೆಯ ಕ್ಷೇತ್ರಕಾರ್ಯಕ್ಕೆ 25 ಜಿಬಿ ಚಿಲ್ಲರೆ. ಬೆರಳುದ್ದದ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಫ್ಲಾಕ್ ಮಾಡಿದರೆ ಒಂದೇ ಒಂದು ಬಿಟ್ಟನ್ನೂ ಕಳೆಯದೆ ಇನ್ನೂ ಚಿಕ್ಕದಾಗುತ್ತದೆ. ದನಿ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವಾದ ಐಎಎಸ್ಎ ಕೇಳುವುದು ಇದಕ್ಕಿಂತ ಹೆಚ್ಚು, ಕನಿಷ್ಠ 48,000 ಅಳತೆ, 24 ಬಿಟ್. ಅಷ್ಟನ್ನು ಮೊದಲೇ ಹಿಡಿದರೆ ರೆಡ್ ಬುಕ್ಕಿನ ಸಿಡಿಗೆ ಅದು ಇಳಿಯುವುದೇ ಇಲ್ಲ, ಕತ್ತರಿಸಬೇಕಾಗುತ್ತದೆ. ಅಂದಮೇಲೆ ಸಿಡಿ ಕಡ್ಡಾಯ ಎನ್ನುವ ನಿಯಮ ಒಳ್ಳೆಯ ಮುದ್ರಣವನ್ನು ಕೆಡಿಸಲು ಹೇಳಿದ ಹಾಗೆ.

ಎಂಪಿ3 ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ಹಾಡಿದ ಅಜ್ಜಿಯ ಮೊಮ್ಮಗ 'ಅಕ್ಕಾ, ನಮ್ಮಜ್ಜಿ ಪದ ನನ್ನ ಫೋನಿಗೆ ಕಳ್ಸಿ' ಅಂದರೆ ಎಂಪಿ3 ಕಳಿಸುವುದೇ ಸರಿ. ಅವನಿಗೆ 600 ಎಂಬಿಯ ಫೈಲು ಕಳಿಸಿ ಪಾಂಡಿತ್ಯ ತೋರಿಸುವುದು ಮೂರ್ಖತನ. ಕಾರಿನಲ್ಲಿ ಹಳೆಯ ಪ್ಲೇಯರ್ ಇದೆ ಅಂದವರಿಗೆ ಅದರಿಂದಲೇ ಆಡಿಯೋ ಸಿಡಿ ಮಾಡಿಕೊಡಿ. ಕೆ3ಬಿಗೆ ಕೋಡೆಕ್ ಹಾಕಿ, ಅಳತೆ ಸರಿಮಾಡಿ, ಇಡೀ ಡಿಸ್ಕನ್ನು ಒಂದೇ ಉಸಿರಿನಲ್ಲಿ ಬರೆಯುವ ವಿಧಾನ ಆರಿಸಿ. ಚೆನ್ನಾಗಿಯೇ ಹಾಡುತ್ತದೆ. ಹಂಚುವ ಪ್ರತಿ ಬೇರೆ, ಇಡುವ ಪ್ರತಿ ಬೇರೆ. ಇಡುವ ಜವಾಬ್ದಾರಿ ಹೊತ್ತಿರುವುದು ಸಂಬಳ, ಬೀರು, ಬೀಗ ಇರುವ ವಿಭಾಗ.

ಆದ್ದರಿಂದ ವಿಭಾಗಗಳಲ್ಲಿ ನಾನು ಕೇಳುವುದು ಸಿಡಿ ಬರ್ನ್ ಆಗುವ ಕಂಪ್ಯೂಟರನ್ನಲ್ಲ. ಪ್ರಬಂಧದ ಜತೆ ರೆಕಾರ್ಡರಿನಿಂದ ಇಳಿದ ಫೈಲು ಇಳಿದ ಹಾಗೇ ಬರಲಿ, ಹೆಸರೂ ಬದಲಾಗದೆ ಬರಲಿ. ಅನುಬಂಧದಲ್ಲಿ ಹಾಡಿದವರ ಹೆಸರು, ಊರು, ತಾರೀಕಿನ ಪಕ್ಕದಲ್ಲೇ ಯಂತ್ರ, ರೂಪ, ದರ, ಎಷ್ಟು ಸಲ ಬದಲಾಯಿಸಿದ್ದು ಎಂಬ ಒಂದು ಸಾಲಿರಲಿ. ಈಗಾಗಲೇ ಬೀರುವಿನಲ್ಲಿರುವ ಸಿಡಿಗಳನ್ನು ಒಂದು ಬೇಸಿಗೆ ರಜೆಯಲ್ಲಿ ಸ್ಪೆಕ್ಟ್ರೋಗ್ರಾಮಿಗೆ ಒಡ್ಡಿ, 16 ಸಾವಿರದ ಗೋಡೆ ಕಂಡವುಗಳ ಮೇಲಿನ 'ಮೂಲ' ಎಂಬ ಪದ ಹೊಡೆದುಹಾಕಿ 'ಎಂಪಿ3ಯಿಂದ' ಎಂದು ಬರೆಯಲು ಇಬ್ಬರು ವಿದ್ಯಾರ್ಥಿಗಳು ಸಾಕು. ಸಿಡಿ ಬಂತಲ್ಲ ಎಂದು ಅಟ್ಟಕ್ಕೆ ಹಾಕಿದ ಕ್ಯಾಸೆಟ್ಟುಗಳು ಕೆಲವು ಕಡೆ ಇನ್ನೂ ಇವೆ. ಅವುಗಳನ್ನು ಗುಜರಿಯವನಿಗೆ ತೂಗಿ ಕೊಡುವ ಮುಂಚೆ ಈ ಕೆಲಸ ಆಗಬೇಕು.